ಬೆಕ್ಕಿನ ಸಂಚಾರವೂ ಒಡೆಯನ ಧರ್ಮವೂ

ಹೂದೋಟದ ಕೃಷಿಯನ್ನು ಗೃಹಜೀವನದ ಒಂದು ಸಂಸ್ಕಾರವೆಂದೇ ಭಾವಿಸಿರುವ ಇಂಗ್ಲೆಂಡಿನಲ್ಲಿ, ಅಗೆದು ಹದಗೊಳಿಸಿ ಬೀಜ ಬಿತ್ತಿದ ಪಾತಿಯನ್ನು ನೆರೆಮನೆಯ ಬೆಕ್ಕು ಕೆದರಿ ಮಲಿನಗೊಳಿಸುವುದೂ, ಬೇಲಿಯ ಪೊದೆಯಲ್ಲಿನ ಹಕ್ಕಿಮರಿಗಳನ್ನು ಹಿಡಿಯುವುದೂ ನೆರೆಹೊರೆಯ ಸೌಹಾರ್ದವನ್ನು ಕದಡುವ ಹಳೆಯ ವಿವಾದ. ಅಲ್ಲಿನ ನ್ಯಾಯಪದ್ಧತಿಯು ಬೆಕ್ಕನ್ನು ಸ್ವಭಾವತಃ ಅಲೆಯುವ ಪ್ರಾಣಿಯೆಂದೆಣಿಸಿ, ಅದು ಪರರ ನೆಲವನ್ನು ಹೊಕ್ಕ ಮಾತ್ರಕ್ಕೆ ಒಡೆಯನನ್ನು ಹೊಣೆಗಾರನನ್ನಾಗಿ ಮಾಡುವುದಿಲ್ಲ. ಅದಕ್ಕೆ ಅನಾವಶ್ಯಕವಾದ ಹಿಂಸೆಯನ್ನುಂಟುಮಾಡುವುದನ್ನು 2006ರ ಪ್ರಾಣಿಕ್ಷೇಮ ಶಾಸನವು, ಉಚಿತವಾಗಿಯೇ, ಅಪರಾಧವೆಂದು ಸಾರುತ್ತದೆ. ಹೀಗಾಗಿ ತಡೆಯುವ ಭಾರವೆಲ್ಲವೂ ತೋಟಿಗನ ಮೇಲೆಯೇ ಬಿದ್ದಿದೆ. ಈ ವ್ಯವಸ್ಥೆಯು ನ್ಯಾಯಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ತೋಟಿಗನ ಉಪಾಯಗಳನ್ನು ಮೊದಲು ಪರಿಶೀಲಿಸೋಣ. ಸಡಿಲವಾದ ಒಣಮಣ್ಣೇ ಬೆಕ್ಕಿಗೆ ಪ್ರಿಯವಾದುದರಿಂದ ಪಾತಿಯ ಮೇಲೆ ತಂತಿಬಲೆಯನ್ನು ಹಾಸುವುದು, ಗಿಡಗಳನ್ನು ಒತ್ತಾಗಿ ನೆಡುವುದು, ಮುಳ್ಳುಕಡ್ಡಿಗಳನ್ನು ಹರಡುವುದು, ನೆಲವನ್ನು ತೇವವಾಗಿರಿಸುವುದು ಇವೆಲ್ಲ ಪ್ರಾಣಿಯ ಸ್ವಭಾವವನ್ನರಿತು ರೂಪಿಸಿದ ಶ್ಲಾಘ್ಯ ಕ್ರಮಗಳು. ಸುಳಿವನ್ನರಿತು ನೀರು ಚಿಮ್ಮಿಸುವ ಯಂತ್ರವೂ, ಮನುಷ್ಯನ ಕಿವಿಗೆ ನಿಲುಕದ ಧ್ವನಿಯನ್ನು ಹೊರಡಿಸುವ ಯಂತ್ರವೂ ಬೆಕ್ಕಿನ ಬರವನ್ನು ತಗ್ಗಿಸಬಲ್ಲವು, ಸಂಪೂರ್ಣವಾಗಿ ನಿಲ್ಲಿಸಲಾರವು. ನ್ಯಾಫ್ತಲಿನ್ ಗುಳಿಗೆಗಳನ್ನು ಚೆಲ್ಲುವುದು ಮಾತ್ರ ಸರ್ವಥಾ ನಿಂದ್ಯ. ಅದು ಬೆಕ್ಕಿಗೂ ಮಕ್ಕಳಿಗೂ ವಿಷ. ಆದರೆ ಈ ಉಪಾಯಗಳಲ್ಲಿ ಅತ್ಯುತ್ತಮವಾದುದಕ್ಕೂ ಒಂದು ಮಿತಿಯುಂಟು: ಒಂದು ತೋಟದಿಂದ ಅಟ್ಟಲ್ಪಟ್ಟ ಬೆಕ್ಕು ಇನ್ನೊಂದನ್ನು ಅರಸುವುದೇ ಹೊರತು ತನ್ನ ದೇಹಧರ್ಮವನ್ನು ತೊರೆಯುವುದಿಲ್ಲ.

ಒಡೆಯನು ಮಾಡಬಲ್ಲುದಾದರೋ ಬೇರೆ ತೆರನಾದುದು. ಬೆಕ್ಕಿನ ಮಲದಲ್ಲಿ ಕೆಲವೊಮ್ಮೆ ಹೊರಬೀಳುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯು ಸೋಂಕು ತಗಲಿಸುವ ಶಕ್ತಿಯನ್ನು ಪಡೆಯಲು 1ರಿಂದ 5 ದಿನಗಳು ಬೇಕು. ಮನೆಯೊಳಗೆ ಮರಳಿನ ತಟ್ಟೆಯನ್ನಿಟ್ಟು ದಿನವೂ ಶುಚಿಗೊಳಿಸುವವನು ಅಪಾಯವನ್ನು ಅದು ತಲೆದೋರುವ ಮುನ್ನವೇ ನೀಗುತ್ತಾನೆ. ಅದೇ ಮಲವು ಪರರ ಕಾಯಿಪಲ್ಲೆಯ ಪಾತಿಯಲ್ಲಿ ಹೂತುಹೋದರೆ, ತಿಂಗಳುಗಟ್ಟಲೆ ಅಲ್ಲಿಯೇ ಉಳಿದು, ಬರಿಗೈಯಿಂದ ಮಣ್ಣು ಮುಟ್ಟುವ ಗರ್ಭಿಣಿಯ ಶಿಶುವಿಗೂ ಕೇಡನ್ನು ತರಬಲ್ಲದು. ಬೇಟೆಯ ವಿಷಯವೂ ಹೀಗೆಯೇ. 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಮಾಂಸದ ಸತ್ತ್ವ ಅಧಿಕವಾಗಿದ್ದ ಆಹಾರವನ್ನುಂಡ ಬೆಕ್ಕುಗಳು ಮನೆಗೆ ತರುತ್ತಿದ್ದ ಬೇಟೆಯು ಶೇಕಡಾ 36ರಷ್ಟೂ, ದಿನಕ್ಕೆ 5ರಿಂದ 10 ನಿಮಿಷ ಆಡಿಸಲ್ಪಟ್ಟ ಬೆಕ್ಕುಗಳದು ಶೇಕಡಾ 25ರಷ್ಟೂ ಇಳಿಯಿತು; ಕೊರಳ ಗೆಜ್ಜೆಯಿಂದ ಗಣನೀಯವಾದ ಫಲವೇನೂ ಕಾಣಲಿಲ್ಲ. ಊಟವೂ ಆಟವೂ ಶೌಚವೂ ತೋಟಿಗನ ಅಧೀನವಲ್ಲ, ಒಡೆಯನ ಅಧೀನ.

ಆಸ್ಟ್ರೇಲಿಯದ ರಾಜಧಾನಿಯಾದ ಕ್ಯಾನ್ಬೆರಾ ಈ ತತ್ತ್ವವನ್ನು ಅಂಗೀಕರಿಸಿದೆ. 2022ರ ಜುಲೈ 1ರಂದಾಗಲಿ ಅನಂತರವಾಗಲಿ ಹುಟ್ಟಿದ ಬೆಕ್ಕನ್ನು ಒಡೆಯನು ತನ್ನ ಆವರಣದೊಳಗೇ ಇರಿಸಿಕೊಳ್ಳತಕ್ಕದ್ದು. ಹೊರಗೊಯ್ಯುವುದಾದರೆ ಹಗ್ಗ ಹಿಡಿದೇ ಒಯ್ಯಬೇಕು. ಮೊದಲೇ ನಿರ್ಬಂಧಕ್ಕೊಳಗಾಗಿದ್ದ ಬಡಾವಣೆಗಳನ್ನುಳಿದು, ಅದಕ್ಕೂ ಹಿಂದೆ ಹುಟ್ಟಿ ಸಂಚಾರಕ್ಕೆ ಒಗ್ಗಿಹೋದ ಬೆಕ್ಕುಗಳನ್ನು ಶಾಸನವು ಬಾಧಿಸಿಲ್ಲವೆಂಬುದು ಅದರ ವಿವೇಕಕ್ಕೂ ಕರುಣೆಗೂ ಸಾಕ್ಷಿ. ಇಂಗ್ಲೆಂಡಾದರೋ 2024ರ ಜೂನ್ 10ರಿಂದ, 20 ವಾರ ತುಂಬುವುದರೊಳಗೆ ಪ್ರತಿಯೊಂದು ಸಾಕುಬೆಕ್ಕಿಗೂ ಮೈಕ್ರೋಚಿಪ್ ಹಾಕಿಸಬೇಕೆಂದು ವಿಧಿಸಿ, ಒಡೆಯನಾರೆಂಬುದನ್ನು ನಿರ್ಣಯಿಸಿತೇ ವಿನಾ ಒಡೆತನದ ಕರ್ತವ್ಯವೇನೆಂಬುದನ್ನು ನಿರ್ಣಯಿಸಲಿಲ್ಲ.

ಕಟ್ಟುಪಾಡು ಬೆಕ್ಕಿನ ಸ್ವಾತಂತ್ರ್ಯವನ್ನು ಹರಣಮಾಡುವುದೆಂಬ ಆಕ್ಷೇಪವು ಗೌರವಾರ್ಹವಾದುದು. ಏರಲು ಎತ್ತರದ ಹಲಗೆ, ಉಗುರು ಮಸೆಯಲು ಮರದ ಕಂಬ, ಬಿಸಿಲು ಬೀಳುವ ಕಿಟಕಿ, ಜೊತೆಗೆ ಆಡುವವರು ಇವಿಲ್ಲದ ಮನೆಯು ಬೆಕ್ಕಿಗೆ ಸೆರೆಮನೆಯೇ ಸರಿ. ಇವನ್ನು ಒದಗಿಸುವ ಸ್ನೇಹವನ್ನು ಯಾವ ಶಾಸನವೂ ಬಲವಂತದಿಂದ ಉಂಟುಮಾಡಲಾರದು. ಆದರೂ ಕ್ಯಾನ್ಬೆರಾದ ಪದ್ಧತಿಯೇ ನ್ಯಾಯಕ್ಕೆ ಹತ್ತಿರವೆಂದು ನನ್ನ ದೃಢವಾದ ಅಭಿಪ್ರಾಯ. ಸಾಕುವ ಸುಖವನ್ನು ತಾನು ಅನುಭವಿಸಿ, ಅದರ ಕಷ್ಟವನ್ನು ನೆರೆಯವನ ಪಾತಿಗೂ ಹಕ್ಕಿಯ ಗೂಡಿಗೂ ಹಂಚುವವನು, ತನ್ನ ಬೆಕ್ಕನ್ನು ಎಷ್ಟೇ ಮುದ್ದಿಸಿದರೂ, ಒಡೆಯನ ಧರ್ಮವನ್ನು ಪೂರ್ಣವಾಗಿ ಪಾಲಿಸಿದವನಾಗುವುದಿಲ್ಲ.