ಜೀನುಗಳ ಸಹವಾಸದೋಷ

ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ಇರುವ ಮಗುವಿನ ಕೆನ್ನೆಯ ಮೂಳೆ ಸರಿಯಾಗಿ ಬೆಳೆದಿರುವುದಿಲ್ಲ. ಗದ್ದ ಚಿಕ್ಕದು, ಕಣ್ಣಿನ ಹೊರಮೂಲೆ ಕೆಳಕ್ಕೆ ಇಳಿದಿರುತ್ತದೆ, ಹೊರಗಿವಿ ಅರ್ಧಂಬರ್ಧ. ಬುದ್ಧಿಗೆ ಸಾಮಾನ್ಯವಾಗಿ ಯಾವ ಕುಂದೂ ಇರುವುದಿಲ್ಲ. ಮಿಲ್ಲರ್ ಸಿಂಡ್ರೋಮ್ ಇರುವ ಮಗುವಿನ ಮುಖವೂ ಹೆಚ್ಚುಕಡಿಮೆ ಹೀಗೇ. ಜೊತೆಗೆ ಕೈಕಾಲುಗಳ ಕಿರುಬೆರಳೂ ಇಲ್ಲದಿರಬಹುದು. ನೋಡುವ ಕಣ್ಣಿಗೆ ಇವೆರಡೂ ಒಂದೇ ಮನೆಯ ಕಾಯಿಲೆಗಳು. ಜೀನುಗಳ ಮಟ್ಟಕ್ಕೆ ಇಳಿದರೆ ಮಾತು ಬೇರೆ.

ಮೊದಲನೆಯದರ ಮುಖ್ಯ ಜೀನ್ ಟಿಸಿಒಎಫ್1 ಪತ್ತೆಯಾದದ್ದು 1996ರಲ್ಲಿ. 2011ರಲ್ಲಿ ಪಿಒಎಲ್‌ಆರ್1ಸಿ ಮತ್ತು ಪಿಒಎಲ್‌ಆರ್1ಡಿ ಸೇರಿದವು. ಮೂರೂ ರೈಬೋಸೋಮ್‌ಗೆ ಬೇಕಾದ ಆರ್‌ಎನ್‌ಎ ತಯಾರಿಕೆಯಲ್ಲಿ ಕೈಜೋಡಿಸುವಂಥವು. ಮಿಲ್ಲರ್ ಸಿಂಡ್ರೋಮಿನ ಜೀನ್ ಡಿಎಚ್‌ಒಡಿಎಚ್. ಅದರ ಕಿಣ್ವ ಕೆಲಸ ಮಾಡುವುದು ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ, ಪಿರಿಮಿಡಿನ್ ತಯಾರಿಕೆಯಲ್ಲಿ. ಮುಖದ ಮೂಳೆಗೂ ಇದಕ್ಕೂ ಏನು ಸಂಬಂಧ ಎಂದು ಯಾರಿಗೂ ಮೊದಲು ಹೊಳೆದಿರಲಿಲ್ಲ. 2010ರಲ್ಲಿ ಮೂರು ಕುಟುಂಬಗಳ ನಾಲ್ವರು ರೋಗಿಗಳ ಎಕ್ಸೋಮ್, ಅಂದರೆ ಡಿಎನ್ಎಯಲ್ಲಿ ಪ್ರೋಟೀನಿನ ಸಂಕೇತವಿರುವ ಭಾಗ, ಓದಿದಾಗ ಆ ಜೀನ್ ತಾನಾಗಿ ಎದ್ದುಬಂತು. ಯಾವ ಜಾಲವನ್ನೂ ಯಾರೂ ಕೇಳಲಿಲ್ಲ.

ಅಪರೂಪದ ಕಾಯಿಲೆಗಳಿಗೆ ಜಾಲ ವಿಶ್ಲೇಷಣೆ ಬಳಸುವ ಪದ್ಧತಿಯನ್ನು ನಾನು ಅಳೆಯಹೊರಡುವುದು ಈ ಜೋಡಿಯಿಂದಲೇ. ಪದ್ಧತಿಯ ತರ್ಕ ಸರಳ, ಸಹವಾಸದೋಷದ ತರ್ಕ: ಒಂದು ಕಾಯಿಲೆಗೆ ಕಾರಣವೆಂದು ಗೊತ್ತಿರುವ ಜೀನುಗಳ ಜೊತೆ ಒಡನಾಡುವ ಜೀನಿನ ಮೇಲೂ ಅನುಮಾನ ಪಡು. ಮಗುವಿನ ಎಕ್ಸೋಮ್‌ನಲ್ಲಿ ಸಾವಿರಾರು ವ್ಯತ್ಯಾಸಗಳಿರುತ್ತವೆ. ಯಾವುದನ್ನು ಮೊದಲು ನೋಡಬೇಕು ಎಂದು ಈ ಒಡನಾಟಗಳ ಜಾಲ ಹೇಳುತ್ತದೆ. ಟ್ರೀಚರ್ ಕಾಲಿನ್ಸ್‌ಗೆ ಈ ತರ್ಕ ಹೇಳಿ ಮಾಡಿಸಿದಂತಿದೆ. ಮಿಲ್ಲರ್‌ಗೆ ಪ್ರೋಟೀನುಗಳ ಒಡನಾಟವೊಂದನ್ನೇ ನಂಬಿ ಕೂತಿದ್ದರೆ ದಾರಿ ತಪ್ಪುತ್ತಿತ್ತು.

ಈ ದಾರಿಯನ್ನು ಜನಪ್ರಿಯಗೊಳಿಸಿದ್ದು 2007ರಲ್ಲಿ ಆಲ್ಬರ್ಟ್-ಲಾಸ್ಲೊ ಬರಬಾಶಿ ಮತ್ತು ಸಂಗಡಿಗರು ಪ್ರಕಟಿಸಿದ ಮನುಷ್ಯನ ಕಾಯಿಲೆಗಳ ಜಾಲ. 1,284 ಕಾಯಿಲೆಗಳು, 1,777 ಜೀನುಗಳು. ಒಂದೇ ಜೀನನ್ನು ಹಂಚಿಕೊಂಡ ಕಾಯಿಲೆಗಳ ನಡುವೆ ಒಂದು ಗೆರೆ. ಬಣ್ಣಬಣ್ಣದ ಆ ಚಿತ್ರ ಸಭೆಗಳ ಸ್ಲೈಡುಗಳಲ್ಲಿ ಎಷ್ಟು ಓಡಾಡಿತೆಂದರೆ, ಅದರೊಳಗಿನ ಗಟ್ಟಿ ಮಾತು ಹಿಂದೆ ಬಿತ್ತು. ಕಾಯಿಲೆ ತರುವ ಬಹುಪಾಲು ಜೀನುಗಳು ಜಾಲದ ಕೇಂದ್ರದಲ್ಲಿಲ್ಲ, ಅಂಚಿನಲ್ಲಿವೆ ಎಂಬುದು ಆ ಮಾತು. ಕೇಂದ್ರದ ಜೀನ್ ಕೆಟ್ಟರೆ ಭ್ರೂಣವೇ ಉಳಿಯಲಿಕ್ಕಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಅಪರೂಪದ ಕಾಯಿಲೆಗಳನ್ನು ಹುಡುಕುವವರಿಗೆ ಆ ಚಿತ್ರಕ್ಕಿಂತ ಈ ಸಾಲು ಹೆಚ್ಚು ಉಪಕಾರಿ.

2021ರಲ್ಲಿ ವಿಯೆನ್ನಾದ ಯೋರ್ಗ್ ಮೆಂಖೆ ತಂಡ ಮಾಡಿದ ಕೆಲಸ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಒಂದೇ ಜಾಲದ ಬದಲು 46 ಪದರಗಳು, ಒಟ್ಟು 2 ಕೋಟಿಗೂ ಹೆಚ್ಚು ಕೊಂಡಿಗಳು, ಪರೀಕ್ಷೆಗೆ 3,771 ಅಪರೂಪದ ಕಾಯಿಲೆಗಳು. ಒಂದು ಪದರದಲ್ಲಿ ಪ್ರೋಟೀನುಗಳ ಒಡನಾಟ, ಇನ್ನೊಂದರಲ್ಲಿ ರಾಸಾಯನಿಕ ಕ್ರಿಯೆಗಳ ಸರಪಳಿ, ಮತ್ತೊಂದರಲ್ಲಿ ರೋಗಲಕ್ಷಣಗಳ ಹೋಲಿಕೆ. ಬೇರೆ ಬೇರೆ ಅಂಗಾಂಶಗಳಲ್ಲಿ ಯಾವ ಜೀನುಗಳು ಒಟ್ಟಿಗೆ ಚುರುಕಾಗುತ್ತವೆ ಎಂಬ ಪದರಗಳೇ ಹೆಚ್ಚು. ಈ ಕೆಲಸದ ನಿಜವಾದ ಸಾಧನೆ ಸಂಖ್ಯೆಯಲ್ಲಿಲ್ಲ. ಒಂದು ಗುಂಪಿನ ಕಾಯಿಲೆಗಳು ಪ್ರೋಟೀನ್ ಪದರದಲ್ಲಿ ಚದುರಿಹೋಗಿದ್ದರೂ ಇನ್ನೊಂದು ಪದರದಲ್ಲಿ ಒತ್ತಾಗಿ ಕೂಡಿರಬಹುದು ಎಂದು ತೋರಿಸಿದ್ದರಲ್ಲಿ ಅದು ಇದೆ. ಕೆಡುಕು ಯಾವ ಮಟ್ಟದಲ್ಲಿದೆ ಎಂಬ ಪ್ರಶ್ನೆ ಕೇಳಲು ಬರುತ್ತದೆ ಎಂದಾಯಿತು. ಪಿರಿಮಿಡಿನ್ ಇಲ್ಲದೆ ಆರ್‌ಎನ್‌ಎ ಇಲ್ಲ. ಹಾಗಾಗಿ ಡಿಎಚ್‌ಒಡಿಎಚ್ ಮತ್ತು ಟಿಸಿಒಎಫ್1 ಒಡನಾಡಿಗಳಲ್ಲದಿದ್ದರೂ ಪೂರಾ ಅಪರಿಚಿತರೂ ಅಲ್ಲ. ಇಂಥ ದೂರದ ನೆಂಟಸ್ತಿಕೆ ಹಿಡಿಯಲು ಹಲವು ಪದರಗಳೇ ಬೇಕು.

ನನ್ನ ತಕರಾರು ಶುರುವಾಗುವುದು ಆ ಅಂಗಾಂಶದ ಪದರಗಳಲ್ಲೇ. ಅವುಗಳ ಮೂಲ ಜಿಟೆಕ್ಸ್ ಎಂಬ ಅಮೆರಿಕದ ಸಂಗ್ರಹ: ತೀರಿಕೊಂಡ ವಯಸ್ಕರಿಂದ ತೆಗೆದ ಅಂಗಾಂಶಗಳು. ದಾನಿಗಳಲ್ಲಿ ಬಹುಪಾಲು ಯುರೋಪಿಯನ್ ಮೂಲದವರು. ಟ್ರೀಚರ್ ಕಾಲಿನ್ಸ್ ಹುಟ್ಟುವುದೋ, ಗರ್ಭದ ಮೊದಲ ವಾರಗಳಲ್ಲಿ ಮುಖದತ್ತ ವಲಸೆ ಹೋಗುವ ನರಶಿಖೆಯ ಜೀವಕೋಶಗಳಲ್ಲಿ. ವಯಸ್ಕರ ದೇಹದಲ್ಲಿ ಆ ಜೀವಕೋಶಗಳೇ ಇಲ್ಲ! ಹುಟ್ಟಿನಿಂದಲೇ ಬರುವ ಕಾಯಿಲೆಗಳನ್ನು ಬೆಳೆದು ಮುಗಿದ ದೇಹದ ನಕ್ಷೆಯಲ್ಲಿ ಹುಡುಕುವುದು ಅಳತೆಯ ದೋಷವಲ್ಲ, ನೋಡುವ ಜಾಗದ್ದೇ ದೋಷ. ಪದರ ಹೆಚ್ಚಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ಇನ್ನೊಂದು ಹಳೆಯ ದೂರು. 2012ರಲ್ಲಿ ಜೆಸ್ಸಿ ಗಿಲಿಸ್ ಮತ್ತು ಪಾಲ್ ಪಾವ್ಲಿಡಿಸ್ ಈ ಸಹವಾಸದೋಷದ ತರ್ಕವನ್ನೇ ಒರೆಗೆ ಹಚ್ಚಿ, ಅದು ನಿಯಮಕ್ಕಿಂತ ಅಪವಾದವೇ ಸರಿ ಎಂದರು. ಟಿಪಿ53ಯಂಥ ಜೀನಿಗೆ ಕೊಂಡಿಗಳ ಹಿಂಡೇ ಇರುವುದಕ್ಕೆ ಅದರ ಸ್ವಭಾವ ಒಂದು ಕಾರಣ. ಕ್ಯಾನ್ಸರ್ ಸಂಶೋಧಕರು ದಶಕಗಳಿಂದ ಅದನ್ನೇ ಕೆದಕುತ್ತಿರುವುದು ಇನ್ನೊಂದು. ಯಾರೂ ಮುಟ್ಟದ ಜೀನಿಗೆ ಕೊಂಡಿಗಳೇ ಇಲ್ಲ, ಆದ್ದರಿಂದ ಅದರ ಮೇಲೆ ಅನುಮಾನವೂ ಇಲ್ಲ. ಹೆಸರಿದ್ದ ಜೀನಿಗೇ ಇನ್ನಷ್ಟು ಹೆಸರು. ಈ ಪಕ್ಷಪಾತ ತಗ್ಗಿಸಲೆಂದೇ ಬಹುಪಾಲು ಪ್ರೋಟೀನುಗಳನ್ನು ಒಂದೇ ವಿಧಾನದಿಂದ ಜೋಡಿಜೋಡಿಯಾಗಿ ಪರೀಕ್ಷಿಸಿದ ನಕ್ಷೆಯೊಂದು 2020ರಲ್ಲಿ ಬಂತು, ಸುಮಾರು 53,000 ಕೊಂಡಿಗಳದ್ದು. ಅದು ಒಳ್ಳೆಯ ಕೆಲಸ. ಆದರೂ ಮೆಂಖೆ ತಂಡದ ಜಾಲದಲ್ಲಿ ರೋಗಲಕ್ಷಣದ ಪದರ ಮಾತ್ರ ವೈದ್ಯರು ಈಗಾಗಲೇ ಬರೆದಿಟ್ಟ ವಿವರಗಳ ಮೇಲೆಯೇ ನಿಂತಿದೆ.

ಜಾಲಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂದಾಗ, ಗದ್ದೆಯ ಏಡಿ ತಿಂದದ್ದರಿಂದ ಮೈಗೆ ಸೇರಿದ ಕೀಟನಾಶಕದ ಮೇಲೆ ಗುಮಾನಿ ಹೋಗಿತ್ತು. ಸೊಂಟ, ಮಂಡಿಯ ನೋವು ವಂಶದಲ್ಲೇ ಇಳಿದು ಬರುತ್ತಿದೆ ಎಂದು ಗೊತ್ತಾದದ್ದು ಮನೆಮನೆಯ ವಂಶವೃಕ್ಷ ಬರೆದ ಮೇಲೆ. ಕಾಯಿಲೆ ಆನುವಂಶಿಕವೇ ಅಲ್ಲವೇ ಎಂಬುದನ್ನು 46 ಪದರದ ಜಾಲವೂ ಹೇಳಲಾರದು.

ಹಾಗೆಂದು ಮೆಂಖೆ ತಂಡದ ಕೆಲಸವನ್ನು ನಾನು ತಳ್ಳಿಹಾಕುತ್ತಿಲ್ಲ. ಆ ಬಗೆಯ ಪ್ರಯತ್ನಗಳಲ್ಲಿ ಅದು ಮೇಲಿನ ಸಾಲಿನದು. ಒಪ್ಪಲು ಕಷ್ಟವಾಗುವುದು ಈ ಕ್ಷೇತ್ರದಲ್ಲೆಲ್ಲ ಬಳಕೆಯಲ್ಲಿರುವ ಪರೀಕ್ಷಾ ಕ್ರಮ. ಗೊತ್ತಿರುವ ಜೀನೊಂದನ್ನು ಮುಚ್ಚಿಟ್ಟು, ಅದನ್ನು ಜಾಲ ಮತ್ತೆ ಹುಡುಕಿತೇ ಎಂದು ನೋಡುವುದು ವಾಡಿಕೆ. ಜೀನನ್ನು ಮುಚ್ಚಿಟ್ಟರೂ ಅದರ ಬಗ್ಗೆ ಬಂದ ಸಂಶೋಧನೆಯೆಲ್ಲ ಪದರಗಳಲ್ಲಿ ಉಳಿದೇ ಇರುತ್ತದೆ. ಯಾವುದಾದರೂ ಒಂದು ವರ್ಷಕ್ಕೆ ದತ್ತಾಂಶವನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಅನುಮಾನಿತ ಜೀನುಗಳ ಪಟ್ಟಿಯನ್ನು ಬಹಿರಂಗವಾಗಿ ಬರೆದಿಟ್ಟು, ಮುಂದಿನ ವರ್ಷಗಳಲ್ಲಿ ರೋಗಿಗಳಿಂದಲೇ ಪತ್ತೆಯಾಗುವ ಜೀನುಗಳ ಎದುರು ಅದನ್ನು ಹಿಡಿದು ನೋಡಬೇಕು. ಡಿಎಚ್‌ಒಡಿಎಚ್‌ನಂಥವು ಆ ಪಟ್ಟಿಯಲ್ಲಿ ಎಷ್ಟನೆಯ ಸಾಲಿನಲ್ಲಿದ್ದವು ಎಂದು ಎಣಿಸಬೇಕು.