ಅರ್ಧಕ್ಕೆ ಎತ್ತಿಟ್ಟ ಆಟ

ಹಳೆಯ ಕಾದಂಬರಿಯ ಹೊಸ ಮುದ್ರಣ ಬಂದರೆ ಅಕ್ಷರ ದಪ್ಪವಾಗಿರುತ್ತದೆ, ರಕ್ಷಾಪುಟ ಬೇರೆಯಾಗಿರುತ್ತದೆ, ಕಥೆ ಅದೇ. ಹಳೆಯ ವಿಡಿಯೋ ಆಟವನ್ನು ಹೊಸ ಯಂತ್ರದಲ್ಲಿ ಆಡುವವರಿಗೆ ಇಷ್ಟು ನಿಶ್ಚಿಂತೆ ಇಲ್ಲ. ಚಿತ್ರ, ಸದ್ದು, ವೇಗ ಎಲ್ಲವೂ ಮೊದಲಿನಂತೆಯೇ ಇರಬಹುದು. ಆದರೆ ಆಡುವವನು ಎಲ್ಲಿ ಬಿಟ್ಟು ಎದ್ದನೆಂಬುದನ್ನು ಯಂತ್ರ ನೆನಪಿಟ್ಟುಕೊಳ್ಳತೊಡಗಿದ ಕೂಡಲೇ ಕೃತಿಯ ಸ್ವಭಾವ ಬದಲಾಗುತ್ತದೆ. ಇದು ಬರೀ ಸೌಕರ್ಯದ ಮಾತೆಂದು ತಳ್ಳಿಹಾಕುವವರೇ ಹೆಚ್ಚು. ನನಗಂತೂ ಇದು ವಿಮರ್ಶೆಯ ಪ್ರಶ್ನೆಯಾಗಿಯೇ ಕಾಣುತ್ತದೆ.

1985ರ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನೇ ತೆಗೆದುಕೊಳ್ಳೋಣ. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ, ಒಟ್ಟು 32. ಶುರುವಿನಲ್ಲಿ ಕೈಯಲ್ಲಿರುವುದು ಮೂರು ಜೀವ. ಆಟವನ್ನು ಉಳಿಸಿಡುವ ಏರ್ಪಾಡು ಇಲ್ಲವೇ ಇಲ್ಲ. ಎಂಟನೆಯ ಲೋಕದಲ್ಲಿ ಕೊನೆಯ ಜೀವ ಹೋದರೆ ಮತ್ತೆ ಮೊದಲ ಲೋಕದ ಮೊದಲ ಹಂತ. ಹಾಗಾಗಿ ಆ ಮೊದಲ ಹಂತವನ್ನು ಮಕ್ಕಳು ನೂರಾರು ಸಲ ಆಡಿದ್ದರು; ಪಕ್ಕದವರೊಡನೆ ಜಗಳವಾಡುತ್ತಲೇ ದಾಟಿಬಿಡುತ್ತಿದ್ದರು. ಸಂಗೀತ ಕಲಿಯುವ ಹುಡುಗಿ ವರ್ಣಕ್ಕೆ ಬಂದ ಮೇಲೂ ದಿನಾ ಸರಳೆ ವರಸೆಯಿಂದಲೇ ಶುರು ಮಾಡುತ್ತಾಳಲ್ಲ, ಹಾಗೆ. ಮರಳಿ ಮೊದಲಿಗೆ ಬರುವುದು ಆ ಆಟದಲ್ಲಿ ಶಿಕ್ಷೆಯೂ ಹೌದು, ಪಾಠವೂ ಹೌದು. ಎಂಟನೆಯ ಲೋಕದ ಹಳ್ಳದ ಅಂಚಿನಲ್ಲಿ ಎದೆ ಹೊಡೆದುಕೊಳ್ಳುವುದು ಹಿಂದೆ ಸವೆಸಿದ ದಾರಿಯ ಭಾರದಿಂದ. ಆ ಭಾರ ತೆಗೆದರೆ ಉಳಿಯುವುದು ಬರೀ ಒಂದು ಹಳ್ಳ.

ಆಟ ನಮ್ಮ ಕಡೆ ಹರಡಿದ್ದು ತೊಂಬತ್ತರ ದಶಕದಲ್ಲಿ. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಗೆ ಸೇರಿತ್ತು. ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಿಂಟೆಂಡೊ ಎಂಬ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಸಮುರಾಯ್ ಇರಲಿ, ಮೀಡಿಯಾ ಇರಲಿ, ಹೆಸರಿಲ್ಲದ ನಕಲು ಪೆಟ್ಟಿಗೆಯೇ ಇರಲಿ, ಎಲ್ಲವೂ ‘ಟೀವಿ ಗೇಮ್’. ಜಪಾನಿನಲ್ಲಿ ಕೂತು ಆಟ ಕಟ್ಟಿದವರು ಲೆಕ್ಕಕ್ಕೆ ಹಿಡಿಯದ ಶತ್ರು ಇಲ್ಲೊಂದಿತ್ತು, ಕರೆಂಟು. ಅದು ಹೋದರೆ ಆರು ಲೋಕ ದಾಟಿದ್ದೂ ಹೋಯಿತು. ಸ್ಟಾರ್ಟ್ ಗುಂಡಿ ಒತ್ತಿ ಆಟ ನಿಲ್ಲಿಸಿ, ಟೀವಿಯನ್ನು ಮಾತ್ರ ಆರಿಸಿ, ಊಟ ಮಾಡಿ ಬಂದು ಮುಂದುವರಿಸುವ ಉಪಾಯವಿತ್ತು. ಮಧ್ಯೆ ಎದ್ದು ಅಡಾಪ್ಟರ್ ಎಷ್ಟು ಬಿಸಿಯಾಗಿದೆಯೆಂದು ಮುಟ್ಟಿ ನೋಡುವುದೂ ಆಟದ ಒಂದು ಅಂಗವೇ ಆಗಿತ್ತು.

ಇನ್ನು ಶಿಡ್ಲಘಟ್ಟದ ಕಡೆಯ ಹುಳು ಸಾಕುವ ಮನೆಗಳ ಮಕ್ಕಳ ಪಾಡು. ರೇಷ್ಮೆಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರ ಸಮಯವೂ ಅವರದಲ್ಲ. “ಏ, ಸೊಪ್ಪು ಹಾಕೋಕೆ ಬಾ” ಎಂದು ಒಳಗಿನಿಂದ ಕೂಗಿದರೆ ನಾಲ್ಕನೆಯ ಲೋಕವನ್ನು ಅಲ್ಲೇ ಬಿಟ್ಟು ಏಳಬೇಕು. ಇಂಥ ಮಗುವಿಗೆ ಆಟ ಮುಗಿಯದೆ ಉಳಿದದ್ದು ಬೆರಳಿನ ದೋಷದಿಂದಲ್ಲ. ‘ಉಳಿಸಿಟ್ಟು ಆಡುವುದು ಮೋಸ’ ಎಂದು ಇಂದು ಗಂಭೀರವಾಗಿ ವಾದಿಸುವವರನ್ನು ಕಂಡಾಗ, ಇವರ ಮನೆಯಲ್ಲಿ ಯಾರೂ ಇವರನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲವೇನೋ ಎಂದುಕೊಳ್ಳುತ್ತೇನೆ.

ಆಟ ಪೂರ್ತಿ ಮುಗಿದ ಮೇಲೂ ಎ ಗುಂಡಿ ಹಿಡಿದು ಸ್ಟಾರ್ಟ್ ಒತ್ತಿದರೆ ಸೋತ ಲೋಕದ ಮೊದಲಿನಿಂದ ಶುರು ಮಾಡಬಹುದಿತ್ತು. ಆಡುತ್ತಿದ್ದವರಲ್ಲಿ ಬಹಳ ಜನಕ್ಕೆ ಇದು ಗೊತ್ತಿರಲಿಲ್ಲ. ಅದರ ಬದಲು ನಮಗೆ ಒದಗಿದ್ದು ನಕಲು ಕ್ಯಾಸೆಟ್ಟಿನ ಸುಳ್ಳು. ಮೇಲೆ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ನಾಲ್ಕಾರು ಆಟ. ಸಂಖ್ಯೆ ಹಿಗ್ಗಿಸಲು ಅದೇ ಆಟವನ್ನು ಬೇರೆ ಬೇರೆ ಹಂತದಿಂದ ಶುರುವಾಗುವಂತೆ ತಿದ್ದಿ ಪಟ್ಟಿಗೆ ಸೇರಿಸುತ್ತಿದ್ದರು. ನಿನ್ನೆ ಕರೆಂಟು ಹೋದ ಹಂತಕ್ಕೆ ಹತ್ತಿರದ ನಂಬರು ಹುಡುಕಿಕೊಂಡರೆ ಆಯಿತು. ಗಿರಾಕಿಯನ್ನು ಏಮಾರಿಸಲು ಮಾಡಿದ ಕೆಲಸ ಮೂಲ ಆಟದಲ್ಲಿಲ್ಲದ ಉಪಕಾರ ಮಾಡಿತು.

ಮೂಲದವರೂ ಸುಮ್ಮನಿರಲಿಲ್ಲ. 1986ರ ಡ್ರ್ಯಾಗನ್ ಕ್ವೆಸ್ಟ್ ಇಪ್ಪತ್ತು ಜಪಾನಿ ಅಕ್ಷರಗಳ ಮಂತ್ರವೊಂದನ್ನು ಕೊಡುತ್ತಿತ್ತು. ಅದನ್ನು ಕಾಗದದಲ್ಲಿ ಬರೆದುಕೊಂಡು ಮಾರನೆಯ ದಿನ ತಪ್ಪಿಲ್ಲದೆ ಒಪ್ಪಿಸಬೇಕು. ಅಮೆರಿಕದಲ್ಲಿ 1987ರಲ್ಲಿ ಬಂದ ಝೆಲ್ಡಾ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯಿತ್ತು. ಆಮೇಲೆ ಬಂದದ್ದು ಮೆಮೊರಿ ಕಾರ್ಡು, ಅದರ ಜೊತೆಗೇ ಒಂದು ವಿಚಿತ್ರ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಹಿಂದಿನ ಪ್ಲೇಸ್ಟೇಷನ್ನಿನ ಡಿಸ್ಕನ್ನು ಆಡಿಸುತ್ತಿತ್ತು, ಆದರೆ ಆ ಆಟ ತನ್ನ ಲೆಕ್ಕವನ್ನು ಹೊಸ 8 ಎಂಬಿ ಕಾರ್ಡಿನಲ್ಲಿ ಬರೆಯುವಂತಿಲ್ಲ. ಹಳೆಯ 128 ಕೆಬಿ ಕಾರ್ಡೇ ಬೇಕು. ಹಳೆಯ ಕಾರ್ಡಿನ ಲೆಕ್ಕವನ್ನು ಹೊಸದಕ್ಕೆ ನಕಲು ಮಾಡಿ ಕಾಪಾಡಬಹುದು. ಆಡಬೇಕೆಂದರೆ ಪುನಃ ಹಳೆಯದಕ್ಕೇ ತರಬೇಕು. ಮನೆಗೆ ಕರೆದು ಚಾಪೆ ಹಾಸಿ, ಚೀಲ ಮಾತ್ರ ಹೊರಗಿಡಿ ಎಂದಂತೆ! ಆದರೂ ಈ ಬಿಗುವಿಗೆ ನನ್ನಲ್ಲಿ ಒಂದಿಷ್ಟು ಗೌರವವಿದೆ. ಎಲ್ಲಿ ಉಳಿಸಬೇಕು ಎಂಬುದನ್ನು ಅಲ್ಲಿ ಆಟವೇ ನಿರ್ಧರಿಸುತ್ತಿತ್ತು, ಯಂತ್ರವಲ್ಲ.

2016ರಲ್ಲಿ ನಿಂಟೆಂಡೊ ಹೊರತಂದ ಪುಟ್ಟ ಎನ್‌ಇಎಸ್ ಕ್ಲಾಸಿಕ್ ಇದನ್ನು ತಲೆಕೆಳಗು ಮಾಡಿತು. ಹಳೆಯ ಯಂತ್ರದ ಕೆಲಸದ ನೆನಪು ಬರೀ 2 ಕೆಬಿ. ಅದನ್ನೂ ಚಿತ್ರದ ಪಾಲಿನ ನೆನಪನ್ನೂ ಒಟ್ಟಿಗೆ ಎತ್ತಿಟ್ಟರೆ ಯಾವ ಕ್ಷಣವನ್ನಾದರೂ ಹಾಗೆಯೇ ಮರಳಿ ತರಬಹುದು, ಮಾರಿಯೋ ಗಾಳಿಯಲ್ಲಿದ್ದರೂ ಸರಿ. ಪ್ರತಿ ಆಟಕ್ಕೂ ಇಂಥ ನಾಲ್ಕು ಖಾನೆ ಕೊಟ್ಟರು. ಸ್ವಿಚ್ ಯಂತ್ರದ ಹಳೆಯ ಆಟಗಳಿಗೆ 2019ರಲ್ಲಿ ಹಿಂದಕ್ಕೆ ಸುತ್ತುವ ಸೌಲಭ್ಯವನ್ನೂ ಸೇರಿಸಿದರು.

ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಕಲಬೆರಕೆಯಾಗಿವೆ. ಎದ್ದು ಹೋಗಿ ಮರಳಿ ಬರುವ ಹಕ್ಕು ಒಂದು. ಬಿದ್ದದ್ದನ್ನು ಬೀಳಲಿಲ್ಲವೆಂದು ಮಾಡುವ ಹಕ್ಕು ಇನ್ನೊಂದು. ಮೊದಲನೆಯದನ್ನು ಎಂದೋ ಕೊಡಬೇಕಿತ್ತು. ಎರಡನೆಯದು ಮಾರಿಯೋನಂಥ ಆಟವನ್ನು ಸಡಿಲಗೊಳಿಸುತ್ತದೆ. ಪ್ರತಿ ಹಳ್ಳದ ಮುಂದೆಯೂ ಉಳಿಸುತ್ತ ಹೋದವನು 32 ಹಂತಗಳನ್ನು ನೋಡಿ ಬರುತ್ತಾನೆ, ಕಲಿತಿರುವುದಿಲ್ಲ. 1993ರ ಸೂಪರ್ ಮಾರಿಯೋ ಆಲ್-ಸ್ಟಾರ್ಸ್‌ನಲ್ಲಿ ನಿಂಟೆಂಡೊದವರೇ ಇದೇ ಆಟಕ್ಕೆ ಉಳಿಸುವ ಏರ್ಪಾಡು ಸೇರಿಸಿದಾಗ ಯಾವ ಲೋಕಕ್ಕೆ ತಲುಪಿದ್ದೆವೆಂಬುದನ್ನು ನೆನಪಿಟ್ಟರೇ ಹೊರತು ಯಾವ ನೆಗೆತದಲ್ಲಿದ್ದೆವೆಂಬುದನ್ನಲ್ಲ. ಆ ಅಳತೆ ನನಗೆ ಹಿತವೆನಿಸುತ್ತದೆ.

ಇವೆರಡನ್ನೂ ಬೇರ್ಪಡಿಸುವ ದಾರಿ ಬಹಳ ಹಿಂದೆಯೇ ಸಿಕ್ಕಿತ್ತು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಬರೆದ ರೋಗ್ ಎಂಬ ಕಂಪ್ಯೂಟರ್ ಆಟದಲ್ಲಿ, ಉಳಿಸಿಟ್ಟ ಆಟವನ್ನು ಮತ್ತೆ ತೆರೆದ ಕೂಡಲೇ ಉಳಿಸಿದ ಕಡತ ಅಳಿಸಿಹೋಗುತ್ತಿತ್ತು. ಸೊಪ್ಪು ಹಾಕಿ ಬಂದು ಬಿಟ್ಟಲ್ಲಿಂದ ಕೂರಬಹುದು. ಹಳ್ಳಕ್ಕೆ ಬಿದ್ದರೆ ಬಿದ್ದಂತೆಯೇ. ನಿಂಟೆಂಡೊದ ಆ ನಾಲ್ಕು ಖಾನೆಗಳಲ್ಲಿ ಒಂದನ್ನಾದರೂ ಹೀಗೆ ಮಾಡಬಹುದಿತ್ತು.