ಬ್ಯಾಡಗಿಯ ಹುಟ್ಟು: ಒಂದು ಕಾರಣವಿಚಾರ

ಮೋಟೆಬೆನ್ನೂರಿಗೆ ಅನತಿದೂರದಲ್ಲಿರುವ ಬ್ಯಾಡಗಿಯು ರೈಲುದಾರಿಯಿಂದ ಹುಟ್ಟಿದ ಪಟ್ಟಣವೆಂದು ಹೇಳುವವರುಂಟು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿಯನ್ನು ಹಾಸಿತು; ಬ್ಯಾಡಗಿಯಲ್ಲಿ ನಿಲ್ದಾಣವಾಯಿತು; ಮೆಣಸಿನಕಾಯಿಯ ಪೇಟೆ ಬೆಳೆಯಿತು. ಈ ಅನುಕ್ರಮವೇ ಅವರಿಗೆ ಪ್ರಮಾಣ. ಆದರೆ ಒಂದರ ಹಿಂದೆ ಮತ್ತೊಂದು ನಡೆದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧಿಸದೆಂಬುದಕ್ಕೆ ಕಾಕತಾಲೀಯನ್ಯಾಯವೇ ಸಾಕ್ಷಿ.

ಅನ್ವಯವ್ಯತಿರೇಕಗಳಿಂದ ಪರೀಕ್ಷಿಸೋಣ. ಮೋಟೆಬೆನ್ನೂರು ಪ್ರಾಚೀನವಾದ ಊರು. ಚಾಲುಕ್ಯರ ಕಾಲದ ಶಾಸನಗಳುಳ್ಳದ್ದು. 1930ರ ದಂಡಿಯಾತ್ರೆಯಲ್ಲಿ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಜನ್ಮಸ್ಥಳ. ಪುಣೆ–ಬೆಂಗಳೂರು ಹೆದ್ದಾರಿಯೂ ಅದಕ್ಕೆ ತಾಗಿಯೇ ಇದೆ. ಆದರೂ ಅದು ಗ್ರಾಮವಾಗಿ ಉಳಿಯಿತು, ಬ್ಯಾಡಗಿಯು ಪಟ್ಟಣವಾಯಿತು. ಇಷ್ಟನ್ನೇ ನೋಡಿದರೆ ಪೂರ್ವಪಕ್ಷವು ಗೆದ್ದಂತೆ ತೋರೀತು. ಆದರೆ ಅದೇ ದಾರಿಯಲ್ಲಿ ಕರಜಗಿಗೂ ದೇವರಗುಡ್ಡಕ್ಕೂ ನಿಲ್ದಾಣಗಳುಂಟು, ಅವು ಪಟ್ಟಣಗಳಾಗಲಿಲ್ಲವಷ್ಟೆ. ಆದುದರಿಂದ ರೈಲು ನಿಮಿತ್ತಕಾರಣ ಮಾತ್ರ, ಗಡಿಗೆಗೆ ಕುಂಬಾರನ ಚಕ್ರವಿದ್ದಂತೆ. ಉಪಾದಾನವಾದ ಮಣ್ಣನ್ನು ಬೇರೆಯಾಗಿಯೇ ಹುಡುಕಬೇಕು.

ಆ ಉಪಾದಾನವು ಮೆಣಸಿನಕಾಯಿಯೆನ್ನೋಣವೇ? ಅದೂ ಈ ನೆಲಕ್ಕೆ ಅತಿಥಿಯೇ. ಅಮರಕೋಶದ ಮರೀಚವು ಕಾಳುಮೆಣಸು. ಅಮೆರಿಕಾ ಖಂಡದ ಈ ಕಾಯಿಯು ಪೋರ್ಚುಗೀಸರ ಮೂಲಕ ಬಂದಾಗ ಕನ್ನಡಿಗರು ತಮ್ಮ ಮೆಣಸಿನ ಹೆಸರನ್ನೇ ಅದಕ್ಕಿತ್ತು ಮನೆಯವರನ್ನಾಗಿ ಮಾಡಿಕೊಂಡರು. ಸುಕ್ಕಿದ ಸಿಪ್ಪೆ, ಗಾಢವಾದ ಕೆಂಪು, ಅಲ್ಪವಾದ ಖಾರ, ಇವು ಬ್ಯಾಡಗಿ ಕಾಯಿಯ ಲಕ್ಷಣಗಳು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಇಂದು ಈ ಪೇಟೆಯಲ್ಲಿ ಹರಾಜಾಗುವ ಮಾಲು ಬಳ್ಳಾರಿ, ರಾಯಚೂರು, ಆಂಧ್ರಗಳಿಂದಲೂ ಲಾರಿಗಳಲ್ಲಿ ಬರುತ್ತದೆ. ನೆಲವೂ ಹಳಿಯೂ ತಮ್ಮ ಪಾತ್ರವನ್ನು ಬಹುಮಟ್ಟಿಗೆ ಮುಗಿಸಿದ ಮೇಲೂ ಪೇಟೆಯು ನಿಂತಿದೆಯೆಂದರೆ, ಅದನ್ನು ಹೊತ್ತಿರುವುದು ಮತ್ತೊಂದು. ಕಾಯಿಯ ಬಣ್ಣವನ್ನು ನೋಡಿದೊಡನೆ ಬೆಲೆಗಟ್ಟಬಲ್ಲ ಕಣ್ಣು, ಇಲ್ಲಿಗೆ ತಂದರೆ ತಕ್ಕ ಬೆಲೆ ಬಂದೀತೆಂಬ ಒಕ್ಕಲಿಗನ ನಂಬಿಕೆ: ಇವೇ ಈ ಪಟ್ಟಣದ ಮಣ್ಣೆಂದು ನಮ್ಮ ಸಿದ್ಧಾಂತ.

ಇದು ಬರಿಯ ವಾದವಿನೋದವಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಅಂದು ರೈಲುಗಳು ಓಡದೆ ನಿಂತಿರಲಿಲ್ಲ, ಕಾಯಿಯ ಕೆಂಪೂ ಮಾಸಿರಲಿಲ್ಲ. ಬಿರುಕು ಬಿಟ್ಟುದು ನಂಬಿಕೆಯೇ. ಪಟ್ಟಣದ ಹುಟ್ಟನ್ನು ಕಂಪನಿಯ ಲೆಕ್ಕಕ್ಕೆ ಬರೆಯುವವರು ಅದರ ಉಳಿವಿನ ಭಾರವು ಯಾರ ಮೇಲಿದೆಯೆಂಬುದನ್ನು ಮರೆಯುತ್ತಾರೆ. ಚಕ್ರವು ಮುರಿದರೆ ಬೇರೊಂದನ್ನು ತರಬಹುದು. ಮಣ್ಣೇ ಕೆಟ್ಟರೆ ಗಡಿಗೆಯಿಲ್ಲ.